ಎಂಬಿಬಿಎಸ್ ಮೊದಲ ವರ್ಷ ಒಂದು ಸಬ್ಜೆಕ್ಟ್ ಫೇಲ್ ಆದರೆ ಸೀಟು ಹೋಗುತ್ತದೆಯೇ?

ರಿಸಲ್ಟ್ ಹತ್ತಿರ ಬಂದಾಗ ವೈದ್ಯಕೀಯ ವಿದ್ಯಾರ್ಥಿಗಳ ಮತ್ತು ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಲವು ಮಾತುಗಳು ಹರಿದಾಡುತ್ತವೆ. ‘ಒಂದು ಸಬ್ಜೆಕ್ಟ್ ಹೋದರೆ ಸೀಟೇ ಹೋಯಿತು’, ‘ಫೇಲ್ ಆದವರಿಗೆ ಪಿಜಿ ಸಿಗುವುದಿಲ್ಲ’, ‘ಈ ಮಾತ್ರೆ ತಗೊಂಡರೆ ಓದಿದ್ದು ಮರೆಯುವುದಿಲ್ಲ’. ಇವುಗಳಲ್ಲಿ ಯಾವುದು ನಿಜ, ಫೇಲ್ ಆಗುವ ಭಯ ಇರುವವರು ಈಗ ಏನು ಮಾಡಬಹುದು ಎಂಬುದನ್ನು ನಾವು ಇಲ್ಲಿ ವಿವರಿಸಿದ್ದೇವೆ.

ನಿಯಮ ಏನು ಹೇಳುತ್ತದೆ?

ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2023ರ ನಿಯಮಾವಳಿಯ ಪ್ರಕಾರ ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಪಾಸ್ ಮಾಡಲು ಗರಿಷ್ಠ 4 ಪ್ರಯತ್ನಗಳಿವೆ. ಮುಖ್ಯ ಪರೀಕ್ಷೆ ಮತ್ತು ಸಪ್ಲಿಮೆಂಟರಿ ಎರಡೂ ಈ ಲೆಕ್ಕಕ್ಕೆ ಬರುತ್ತವೆ. ಇಡೀ ಕೋರ್ಸನ್ನು ಸೇರಿದ ದಿನದಿಂದ 9 ವರ್ಷದೊಳಗೆ ಮುಗಿಸಬೇಕು.

ಅಂದರೆ ಒಂದು ಸಬ್ಜೆಕ್ಟ್ ಫೇಲ್ ಆದ ಮಾತ್ರಕ್ಕೆ ಸೀಟು ಹೋಗುವುದಿಲ್ಲ. ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಸಪ್ಲಿಮೆಂಟರಿ ನಡೆಯುತ್ತದೆ. ಅದರಲ್ಲಿ ಪಾಸ್ ಆದರೆ ನಿಮ್ಮದೇ ಬ್ಯಾಚ್ ಜೊತೆ ಎರಡನೇ ವರ್ಷಕ್ಕೆ ಹೋಗುತ್ತೀರಿ. ಅದೂ ಕೈತಪ್ಪಿದರೆ ಮುಂದಿನ ಬ್ಯಾಚ್ ಜೊತೆ ಸೇರಬೇಕಾಗುತ್ತದೆ. ಒಂದು ವರ್ಷ ನಷ್ಟವಾಗುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಓದು ಅಲ್ಲಿಗೇ ನಿಲ್ಲುವುದಿಲ್ಲ.

ಪಿಜಿ ಬಗ್ಗೆ ಇರುವ ಭಯವೂ ತಪ್ಪು. ಪಿಜಿ ಸೀಟಿಗೆ ಬೇಕಾದ ರ‍್ಯಾಂಕ್ ನಿರ್ಧಾರವಾಗುವುದು ನೀಟ್ ಪಿಜಿ ಪರೀಕ್ಷೆಯ ಅಂಕದಿಂದ. ಮೊದಲ ವರ್ಷ ಸಪ್ಲಿ ಬರೆದಿದ್ದೀರಿ ಎಂಬ ಕಾರಣಕ್ಕೆ ಆ ಪರೀಕ್ಷೆಗೆ ಕೂರುವ ಅರ್ಹತೆ ತಪ್ಪುವುದಿಲ್ಲ.

ಮೊದಲು ಅಪಾಯ ಎಲ್ಲಿದೆ ಎಂದು ನೋಡಿ

‘ಫೇಲ್ ಆಗುತ್ತೇನೆ’ ಎಂಬ ಒಂದೇ ಭಯದ ಹಿಂದೆ ಮೂರು ಬೇರೆ ಬೇರೆ ಸಮಸ್ಯೆಗಳಿರಬಹುದು.

1. ಹಾಜರಾತಿ: ಥಿಯರಿಯಲ್ಲಿ 75%, ಪ್ರಾಕ್ಟಿಕಲ್‌ನಲ್ಲಿ 80% ಇರಬೇಕು. ಇಲ್ಲದಿದ್ದರೆ ಎಷ್ಟೇ ಓದಿದ್ದರೂ ಪರೀಕ್ಷೆಗೆ ಕೂರಲು ಅರ್ಹತೆ ಇರುವುದಿಲ್ಲ. ಕಾಯಿಲೆಯಿಂದ ರಜೆ ಹಾಕಿದ್ದರೆ ದಾಖಲೆಗಳನ್ನು ಆಗಲೇ ವಿಭಾಗಕ್ಕೆ ಕೊಡಿ.

2. ಇಂಟರ್ನಲ್ಸ್: ಥಿಯರಿ ಮತ್ತು ಪ್ರಾಕ್ಟಿಕಲ್ ಸೇರಿ 50%, ಎರಡರಲ್ಲೂ ಪ್ರತ್ಯೇಕವಾಗಿ ಕನಿಷ್ಠ 40% ಬೇಕು. ಕಡಿಮೆ ಇದ್ದರೆ ಸುಧಾರಣೆಗೆ ಯಾವ ಅವಕಾಶವಿದೆ ಎಂದು ವಿಭಾಗದಲ್ಲಿ ಕೇಳಿ. ಅಂತಿಮ ಪಟ್ಟಿ ಹೊರಬಿದ್ದ ಮೇಲೆ ಕೇಳಿದರೆ ಅವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

3. ವಿಶ್ವವಿದ್ಯಾಲಯದ ಪರೀಕ್ಷೆ: ಹಾಜರಾತಿ, ಇಂಟರ್ನಲ್ಸ್ ಸರಿಯಿದ್ದೂ ಬರೆಯುವಾಗ, ವೈವಾದಲ್ಲಿ ತಡವರಿಸುವವರು ಇಲ್ಲಿ ಬರುತ್ತಾರೆ. ಇದಕ್ಕೆ ಮದ್ದು ಓದುವ ವಿಧಾನದಲ್ಲಿದೆ.

ನೀಟ್‌ನಲ್ಲಿ ಒಳ್ಳೆಯ ಅಂಕ ಬಂದವರೂ ಯಾಕೆ ಎಡವುತ್ತಾರೆ?

ನೀಟ್‌ನಲ್ಲಿ ನಾಲ್ಕು ಉತ್ತರಗಳು ಕಣ್ಣೆದುರೇ ಇರುತ್ತವೆ, ಸರಿಯಾದದ್ದನ್ನು ಗುರುತಿಸಿದರೆ ಸಾಕು. ಎಂಬಿಬಿಎಸ್ ಪರೀಕ್ಷೆಯಲ್ಲಿ ‘ಬ್ರೇಕಿಯಲ್ ಪ್ಲೆಕ್ಸಸ್ ಅನ್ನು ಚಿತ್ರ ಸಹಿತ ವಿವರಿಸಿ’ ಎಂದು ಕೇಳುತ್ತಾರೆ. ಎದುರಿಗೆ ಇರುವುದು ಖಾಲಿ ಹಾಳೆ. ನೋಡಿ ಗುರುತಿಸುವುದು ಬೇರೆ, ಏನೂ ನೋಡದೆ ನೆನಪಿನಿಂದ ಹೊರತೆಗೆಯುವುದು ಬೇರೆ.

ಪುಸ್ತಕವನ್ನು ಮತ್ತೆ ಮತ್ತೆ ಓದಿ, ಸಾಲುಗಳಿಗೆ ಬಣ್ಣ ಹಚ್ಚಿದರೆ ‘ಇದು ನನಗೆ ಗೊತ್ತು’ ಎನಿಸುತ್ತದೆ. ಆದರೆ ಪುಸ್ತಕ ಮುಚ್ಚಿದಾಗ ಬರೆಯಲು ಬರುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಒಂದು ಗುಂಪು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ಸುಮಾರು 40%, ನೆನಪಿನಿಂದ ಬರೆದವರಿಗೆ ಸುಮಾರು 61% ನೆನಪಿತ್ತು.

ಇದನ್ನು ಹೀಗೆ ಬಳಸಿ: ಬ್ರೇಕಿಯಲ್ ಪ್ಲೆಕ್ಸಸ್ ಒಮ್ಮೆ ಓದಿ, ಪುಸ್ತಕ ಮುಚ್ಚಿ. ಸಿ5ರಿಂದ ಟಿ1ವರೆಗಿನ ಐದು ಬೇರುಗಳಿಂದ ಶುರುಮಾಡಿ ಖಾಲಿ ಹಾಳೆಯಲ್ಲಿ ಚಿತ್ರ ಬಿಡಿಸಿ. ಆಮೇಲೆ ಪುಸ್ತಕ ತೆರೆದು ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಬಿಡಿಸಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ವೈವಾಕ್ಕೆ ಸ್ನೇಹಿತರೊಬ್ಬರು ಪ್ರಶ್ನೆ ಕೇಳಲಿ, ನೀವು ಬಾಯಿಬಿಟ್ಟು ಉತ್ತರ ಹೇಳಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಇನ್ನೂ ಮುಖ್ಯ. ವಿಷಯ ಕನ್ನಡದಲ್ಲಿ ಅರ್ಥವಾಗಿದ್ದರೂ ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸ ಬೇರೆಯಾಗಿಯೇ ಆಗಬೇಕು.

ನಿದ್ದೆಗೆಡುವುದು, ಮಾತ್ರೆ ನುಂಗುವುದು

ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಎದ್ದಿದ್ದರೆ ಓದಿದ್ದೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ಏಕಾಗ್ರತೆಗೆ ಎಂದು ಹಾಸ್ಟೆಲ್‌ಗಳಲ್ಲಿ ಕೈಬದಲಾಗುವ ಮಾತ್ರೆಗಳು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವಂಥವಲ್ಲ. ವೈವಾದಲ್ಲಿ ಕೈ ನಡುಗಬಾರದೆಂದು ಕೆಲವರು ನುಂಗುವ ಪ್ರೊಪ್ರನೊಲೋಲ್, ಆಸ್ತಮಾ ಇರುವವರಲ್ಲಿ ಉಸಿರಾಟಕ್ಕೇ ಕುತ್ತು ತರಬಹುದು.

ಮನೆಯವರಿಗೆ ಒಂದು ಮಾತು

2016ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಅದರ ಪ್ರಕಾರ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಸುಮಾರು 27% ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಸುಮಾರು 11% ಮಂದಿಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು. ಅಂಕ ಹೋದರೆ ಮತ್ತೆ ಬರೆಯಬಹುದು, ಮಗ ಅಥವಾ ಮಗಳು ಹೋದರೆ ಮತ್ತೆ ಬರುವುದಿಲ್ಲ.

ಮಕ್ಕಳು ಫೋನ್ ಎತ್ತದಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ‘ನನ್ನಿಂದ ನಿಮಗೆಲ್ಲ ತೊಂದರೆ’ ಎನ್ನುತ್ತಿದ್ದರೆ ಬೈಯಬೇಡಿ, ಹೋಗಿ ನೋಡಿ. ‘ಸಾಯಬೇಕು ಅನಿಸುತ್ತಿದೆಯಾ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಅವರು ಮನಸ್ಸು ಬಿಚ್ಚಿ ಮಾತಾಡಲು ದಾರಿಯಾಗುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತಕ್ಷಣದ ಅಪಾಯ ಕಂಡರೆ ಒಂಟಿಯಾಗಿ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಸಾರಾಂಶ

ಒಂದು ಸಬ್ಜೆಕ್ಟ್ ಫೇಲ್ ಆದರೆ ಎಂಬಿಬಿಎಸ್ ಸೀಟು ಹೋಗುತ್ತದೆ ಎಂಬುದು ಸುಳ್ಳು. ಆದರೆ ಪ್ರಯತ್ನಗಳಿಗೆ ಮಿತಿ ಇದೆ ಎಂಬುದು ನಿಜ. ಆದ್ದರಿಂದ ಹಾಜರಾತಿ ಮತ್ತು ಇಂಟರ್ನಲ್ಸ್ ಎಷ್ಟಿದೆ ಎಂದು ಇಂದೇ ನೋಡಿ, ಪುಸ್ತಕ ಮುಚ್ಚಿ ಬರೆಯುವ ಅಭ್ಯಾಸ ಮಾಡಿ, ಕಷ್ಟವನ್ನು ಒಬ್ಬರಿಗಾದರೂ ಹೇಳಿಕೊಳ್ಳಿ. ಹೆದರಿಸುವ ಮೆಸೇಜನ್ನು ಫಾರ್ವರ್ಡ್ ಮಾಡುವ ಬದಲು 14416 ಸಂಖ್ಯೆಯನ್ನು ಹಂಚಿಕೊಳ್ಳಿ.