ಬಡಮಕ್ಕಳ ದಾಸೋಹ: ಸ್ವರೂಪ ಮತ್ತು ನಿರ್ವಹಣೆ

ಬಡತನದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಅನ್ನ, ಅರಿವೆ, ಹೊದಿಕೆ, ಪುಸ್ತಕ ಮೊದಲಾದ ನಿತ್ಯದ ಅಗತ್ಯಗಳನ್ನು ಒದಗಿಸುವ ಸೇವೆಯನ್ನು ನಮ್ಮ ಪರಂಪರೆಯು ದಾನವೆನ್ನದೆ ದಾಸೋಹವೆಂದು ಕರೆದಿದೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ನೀಡುವವನೇ ದಾಸನಾಗಿರುತ್ತಾನೆ. ಈ ಭೇದ ಮಾತಿನಲ್ಲಷ್ಟೇ ಉಳಿಯುವಂಥದಲ್ಲ. ಒಂದು ಸೇವಾಸಂಸ್ಥೆ ಯಾವ ತಿಂಗಳಲ್ಲಿ ಏನನ್ನು ಕೊಳ್ಳುತ್ತದೆ, ಮಕ್ಕಳನ್ನು ಹೇಗೆ ಆರಿಸುತ್ತದೆ, ಲೆಕ್ಕವನ್ನು ಯಾರ ಮುಂದೆ ಇಡುತ್ತದೆ ಎಂಬುದರಲ್ಲೆಲ್ಲ ಅದು ಎದ್ದು ಕಾಣುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ವೃತ್ತಾಂತ ಎಲ್ಲರೂ ಬಲ್ಲದ್ದು. ನಿತ್ಯದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಪತಿ ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಹೇಳಿದರು. ಈ ಪ್ರಸಂಗವನ್ನು ನಿಸ್ಪೃಹತೆಯ ದೃಷ್ಟಾಂತವಾಗಿ ನಾವು ಹೇಳುತ್ತ ಬಂದಿದ್ದೇವೆ. ಅದರಲ್ಲಿ ಆಡಳಿತದ ಪಾಠವೂ ಇದೆ: ಎಷ್ಟು ಬೇಕು ಎಂಬ ಅಳತೆ ಮೊದಲು, ಸಂಗ್ರಹ ಆನಂತರ. ಹಳೆಯ ಬಟ್ಟೆಯ ಮೂಟೆಗಳು ಉಗ್ರಾಣದಲ್ಲಿ ರಾಶಿ ಬಿದ್ದಿದ್ದು, ಏಳನೆಯ ತರಗತಿಯ ಹುಡುಗನ ಅಳತೆಗೆ ಸರಿಹೊಂದುವ ಒಂದು ಅಂಗಿಯೂ ಅದರಲ್ಲಿ ಸಿಗದಿದ್ದರೆ, ಅಲ್ಲಿ ಸಂಗ್ರಹವಾಗಿದೆಯೇ ಹೊರತು ದಾಸೋಹ ನಡೆದಿಲ್ಲ.

ಮಕ್ಕಳ ದಾಸೋಹಕ್ಕೆ ನಾಡಿನ ಮುಂದಿರುವ ದೊಡ್ಡ ನಿದರ್ಶನ ತುಮಕೂರಿನ ಶ್ರೀ ಸಿದ್ಧಗಂಗಾ ಮಠ. ಅಟವೀ ಸ್ವಾಮಿಗಳು ಹೊತ್ತಿಸಿದ ದಾಸೋಹದ ಒಲೆ ಇಂದಿಗೂ ಆರಿಲ್ಲವೆಂಬುದು ಅಲ್ಲಿಯ ಪ್ರತೀತಿ. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ, 1941ರಲ್ಲಿ ಮಠದ ಪೂರ್ಣ ಹೊಣೆ ಹೊತ್ತ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕಾಲದಲ್ಲಿ ಅಲ್ಲಿಯ ವಿದ್ಯಾರ್ಥಿಗಳ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಏರಿತು. ಜಾತಿಮತಗಳ ಎಣಿಕೆಯಿಲ್ಲದೆ ಮಕ್ಕಳಿಗೆ ಊಟ, ವಸತಿ, ವಿದ್ಯೆಗಳು ದೊರೆತವು. ಪೂಜ್ಯರು ಊರೂರು ಸುತ್ತಿ, ಭಕ್ತರು ಕೊಟ್ಟ ರಾಗಿ, ಅಕ್ಕಿ, ತೆಂಗಿನಕಾಯಿಗಳಿಂದ ಉಗ್ರಾಣವನ್ನು ತುಂಬಿಸಿದರು. 2019ರ ಜನವರಿ 21ರಂದು ಪೂಜ್ಯರು ಲಿಂಗೈಕ್ಯರಾದಾಗ, ಮಕ್ಕಳ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ತಿಳಿಸಬೇಕೆಂಬ ಅವರ ಇಚ್ಛೆಯನ್ನು ಪಾಲಿಸಲಾಯಿತೆಂದು ನಾಡೇ ಕೇಳಿತು. ಆ ದಿನವನ್ನು ಇಂದು ದಾಸೋಹ ದಿನವೆಂದು ಆಚರಿಸಲಾಗುತ್ತಿದೆ. ಯಾವ ಕಾರಣಕ್ಕೂ ಒಂದು ಹೊತ್ತಿನ ಊಟ ತಪ್ಪಬಾರದೆಂಬ ಈ ನಿಷ್ಠೆಯೇ ಮಕ್ಕಳ ಸೇವೆಯ ಜೀವಾಳ. ಹಬ್ಬದ ದಿನ ಹೋಳಿಗೆ ಬಡಿಸಲು ನೂರು ಜನ ಸಿಗುತ್ತಾರೆ. ಆಷಾಢದ ಬುಧವಾರವೊಂದರ ಸಾರು-ಅನ್ನಕ್ಕೆ ಹೊಣೆಗಾರರು ಬೇಕು.

ಆ ನಿತ್ಯತೆಗೆ ಹಣ ಎಲ್ಲಿಂದ? ಹಿರಿಯರು ಬೇರೆ ಬೇರೆ ದಾರಿಗಳನ್ನು ಹಿಡಿದರು. ಜೋಳಿಗೆ ಒಂದು ದಾರಿ. ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯರದು ಇನ್ನೊಂದು. 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ದಾರಿ ಮತ್ತೂ ವಿಶಿಷ್ಟ. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅಂಧ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಅವರಿಗೆ ಸಂಗೀತ ಕಲಿಸಿದರು, ನಾಟಕ ಮಂಡಳಿ ಕಟ್ಟಿದರು. ಅವರ ಬಳಿಕ ಪುಟ್ಟರಾಜ ಗವಾಯಿಗಳು ನಾಟಕಗಳನ್ನು ಬರೆದು, ಆಡಿಸಿ, ಆ ಗಳಿಕೆಯನ್ನು ಆಶ್ರಮದ ಅನ್ನಕ್ಕೆ ಒದಗಿಸಿದರು. ಕಾಯಕದಿಂದಲೇ ದಾಸೋಹ ಎಂಬ ತತ್ತ್ವಕ್ಕೆ ಇದಕ್ಕಿಂತ ನೇರವಾದ ಆಚರಣೆ ನಮಗೆ ತಿಳಿದಿಲ್ಲ.

ಹೊಸನಗರ ಸೀಮೆಯ ಕಥೆ ಬೇರೆ. ಈ ತಾಲ್ಲೂಕಿನ ನಗರವೇ ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿ. ಅವರು ಮಠಗಳಿಗೆ ಭೂಮಿಯನ್ನು ಉಂಬಳಿಯಾಗಿ ಬಿಟ್ಟು ಅನ್ನಸತ್ರಗಳನ್ನು ನಡೆಸಿದರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಆದರೂ ಭೂಮಿಯ ಆಧಾರ ಎಷ್ಟೋ ಕಡೆ ಉಳಿಯಿತು. 1955ರ ಇನಾಂ ರದ್ದತಿ ಕಾಯ್ದೆ, 1974ರ ಭೂಸುಧಾರಣೆಗಳ ಬಳಿಕ ಗೇಣಿಯ ಭತ್ತ ನಿಂತು ತಸ್ತೀಕಿನ ಅಲ್ಪ ಮೊತ್ತ ಉಳಿಯಿತು. ಇದನ್ನು ನಷ್ಟವೆಂದು ಹಲುಬುವವರ ಮಾತನ್ನು ನಾವು ಒಪ್ಪುವುದಿಲ್ಲ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತದ್ದು ತಮ್ಮ ಮಕ್ಕಳ ಅನ್ನಕ್ಕಾಗಿಯೇ ಅಲ್ಲವೇ? ಭೂಮಿ ಉಳುವವನಿಗೆ ಸಂದಿತು. ಇಂದು ಅವನ ಕಣದಿಂದಲೇ ಮಠಕ್ಕೆ ಮೂಟೆ ಬರುತ್ತದೆ.

ಆದರೆ ಮೂಟೆ ಬರುವ ಕಾಲವೇ ಬೇರೆ, ಮಗುವಿಗೆ ಬೇಕಾಗುವ ಕಾಲವೇ ಬೇರೆ. ಮಲೆನಾಡಿನಲ್ಲಿ ಮಕ್ಕಳ ಸೇವೆಗೆ ಕೈಹಾಕುವವರು ಮೊದಲು ಅರಿಯಬೇಕಾದ ಸಂಗತಿಯಿದು. ಭತ್ತದ ಕೊಯ್ಲು, ಅಡಕೆಯ ಕೊನೆಕೊಯ್ಲು ಮುಗಿದು ಜನರ ಕೈಯಲ್ಲಿ ಹಣ ಆಡುವುದು ಚಳಿಗಾಲದಿಂದ ಶಿವರಾತ್ರಿಯವರೆಗೆ. ಶಾಲೆ ತೆರೆಯುವುದು ಮೇ ಕೊನೆಯಲ್ಲಿ. ಅದರ ಬೆನ್ನಿಗೇ ಮಳೆ. ರಾಜ್ಯದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿದ ಹುಲಿಕಲ್ ಇದೇ ತಾಲ್ಲೂಕಿನದು. ಜೂನ್-ಜುಲೈಗಳಲ್ಲಿ ಕೂಲಿಗೆ ಹೋಗುವ ಮನೆಗಳಲ್ಲಿ ಕೆಲಸವೂ ಕಡಿಮೆ, ಕೂಲಿಯೂ ಕಡಿಮೆ. ಎಲೆಚುಕ್ಕೆ ರೋಗ ತಗುಲಿದ ತೋಟಗಳ ಸಣ್ಣ ಹಿಡುವಳಿದಾರರ ಮನೆಗಳೂ ಈಗ ಈ ಸಾಲಿಗೆ ಸೇರಿವೆ. ಆದುದರಿಂದ ಶಿವರಾತ್ರಿಯೊಳಗೆ ನಿಧಿಯನ್ನು ಕೂಡಿಸಿ, ಏಪ್ರಿಲ್ ಒಳಗೆ ಸಾಮಗ್ರಿ ಕೊಂಡು, ಶಾಲೆಯ ಮೊದಲ ವಾರದಲ್ಲಿಯೇ ತಲುಪಿಸುವುದು ಇಲ್ಲಿಗೆ ಒಪ್ಪುವ ಕ್ರಮ. ಆಗಸ್ಟ್ 15ರ ಸಮಾರಂಭಕ್ಕೆ ಕಾದು ಕೊಡೆ ಹಂಚಿದರೆ ಅಷ್ಟರಲ್ಲಿ ಅರ್ಧ ಮಳೆಗಾಲವೇ ಕಳೆದಿರುತ್ತದೆ.

ಅಗತ್ಯಗಳಾವುವು ಎಂಬುದನ್ನೂ ಸ್ಥಳವೇ ನಿರ್ಧರಿಸಬೇಕು. ಸರ್ಕಾರಿ ಶಾಲೆಯ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ, 2013ರಿಂದ ಕ್ಷೀರಭಾಗ್ಯದ ಹಾಲು ದೊರೆಯುತ್ತಿವೆ. ಮಧ್ಯಾಹ್ನದ ಊಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟು ನಮ್ಮ ಶರಣರ ಪದವನ್ನೇ ಸರ್ಕಾರ ಬಳಸಿದೆ. ಈಗಾಗಲೇ ಸಿಗುವುದನ್ನೇ ಮತ್ತೆ ಹಂಚುವುದು ದುಂದು. ಇಲ್ಲಿ ಕೊರತೆಯಾಗುವುದು ಮಳೆಯಂಗಿ, ಒದ್ದೆಯಾದ ದಿನಕ್ಕೆ ಬದಲಿ ಸಮವಸ್ತ್ರ, ನೀರಲ್ಲಿ ಹಾಳಾಗದ ಚಪ್ಪಲಿ, ಪುಸ್ತಕ ನೆನೆಯದ ಚೀಲ, ಕಂಬಳಿ. ತಿಂಗಳುಗಟ್ಟಲೆ ಬಿಸಿಲು ಕಾಣದ ಊರಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮಗು ಶಾಲೆ ತಪ್ಪಿಸಲು ಅಷ್ಟೇ ಕಾರಣ ಸಾಕು. ಬೆಳೆದ ಹೆಣ್ಣುಮಕ್ಕಳ ಸ್ಯಾನಿಟರಿ ಪ್ಯಾಡಿನಂತಹ ಅಗತ್ಯಗಳನ್ನು ಮಹಿಳೆಯರೇ ವಿಚಾರಿಸಿ, ಮಹಿಳೆಯರೇ ತಲುಪಿಸಬೇಕು. ಮಧ್ಯಾಹ್ನದ ಊಟ ಹತ್ತನೆಯ ತರಗತಿಗೆ ಮುಗಿಯುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣವು ಮಲೆನಾಡಿನ ಹೆಚ್ಚಿನ ಹಾದಿಗಳಲ್ಲಿ ಓಡುವ ಖಾಸಗಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಹೀಗೆ ಪಿಯುಸಿಗೆ ಸೇರಿದ ಹಳ್ಳಿಯ ಹುಡುಗಿಗೆ ಬುತ್ತಿ ಮತ್ತು ಬಸ್ ಪಾಸು ಎರಡೂ ಮನೆಯ ಹೊರೆಯಾಗುತ್ತವೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಹಂಚುವವರು ಅನೇಕರಿದ್ದಾರೆ. ಈ ವಯಸ್ಸಿನವರನ್ನು ಕೇಳುವವರು ವಿರಳ.

ಮಕ್ಕಳ ಆಯ್ಕೆಯೇ ಅತ್ಯಂತ ನಾಜೂಕಿನ ಕೆಲಸ. ತರಗತಿಯಲ್ಲಿ ‘ಬಡವರು ಯಾರು, ಎದ್ದು ನಿಲ್ಲಿ’ ಎಂದು ಕೇಳುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಮುಖ್ಯೋಪಾಧ್ಯಾಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಮನೆಗಳ ಸ್ಥಿತಿಯನ್ನು ಬಲ್ಲರು. ಅವರೊಂದಿಗೆ ಸದ್ದಿಲ್ಲದೆ ಸಮಾಲೋಚಿಸಿ ಪಟ್ಟಿ ಮಾಡಬಹುದು. ಸಣ್ಣ ಶಾಲೆಯಾದರೆ ಎಲ್ಲ ಮಕ್ಕಳಿಗೂ ಕೊಡುವುದೇ ಲೇಸು. ಸ್ವಲ್ಪ ಹಣ ಹೆಚ್ಚು ಹೋದರೂ ಯಾವ ಮಗುವೂ ಗುರುತಿಗೆ ಸಿಗುವುದಿಲ್ಲ. ದಾನಿಯ ಹೆಸರನ್ನು ಚೀಲದ ಮೇಲೆ ಅಚ್ಚು ಹಾಕಿಸುವುದು, ಮಗುವಿನ ಕೈಗೆ ವಸ್ತುವಿಟ್ಟು ಭಾವಚಿತ್ರ ತೆಗೆಸುವುದು ದಾಸೋಹಕ್ಕೆ ಹೊಂದುವುದಿಲ್ಲವೆಂದು ನಾವು ಭಾವಿಸುತ್ತೇವೆ. ಆರೈಕೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಯಲುಗೊಳಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ನಿಷೇಧಿಸಿದೆ.

ಮಕ್ಕಳನ್ನು ಇರಿಸಿಕೊಂಡು ಸಲಹುವುದಾದರೆ ಹೊಣೆ ಇಮ್ಮಡಿಯಲ್ಲ, ಹತ್ತುಮಡಿ. ಅಂತಹ ಮಕ್ಕಳಿಗೆ ಆಶ್ರಯ ಕೊಡುವ ಪ್ರತಿ ಸಂಸ್ಥೆಯೂ ಇದೇ ಕಾಯ್ದೆಯ 41ನೆಯ ಕಲಮಿನಂತೆ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ ಹೊಣೆಗಾರರಿಗೆ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಎಲ್ಲರ ಕರ್ತವ್ಯ, ಮುಚ್ಚಿಡುವುದೇ ಅಪರಾಧ. ಕಾವಿ, ಪೀಠ, ಪರಂಪರೆಗಳ ಗೌರವ ಈ ಕಾನೂನಿಗೆ ಮೇಲಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಬರೆಸಬೇಕು. ಅದರಿಂದ ಸಂಸ್ಥೆಗೆ ಅವಮಾನವೆಂದು ಭಾವಿಸುವವರು ಮಕ್ಕಳ ಜವಾಬ್ದಾರಿಯನ್ನು ವಹಿಸಿಕೊಳ್ಳದಿರುವುದೇ ಒಳಿತು. ಹೆತ್ತವರಿದ್ದು, ಬಡತನವೊಂದೇ ಕಷ್ಟವಾಗಿದ್ದಲ್ಲಿ ಮಗುವನ್ನು ಮನೆಯಿಂದ ತರುವುದಕ್ಕಿಂತ ಮನೆಗೇ ನೆರವು ಒಯ್ಯುವುದು ಮೊದಲ ಆಯ್ಕೆಯಾಗಬೇಕು.

ಲೆಕ್ಕದ ವಿಷಯ ಸರಳ. ನೋಂದಾಯಿತ ದತ್ತಿ, ಪ್ರತ್ಯೇಕ ಬ್ಯಾಂಕ್ ಖಾತೆ, ಎರಡು ಸಹಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ. ಎರಡು ಸಾವಿರ ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿಯಿಲ್ಲ, ಅಕ್ಕಿಬೇಳೆಯ ರೂಪದ ಕೊಡುಗೆಗೂ ಇಲ್ಲ ಎಂಬುದನ್ನು ಸದ್ಭಕ್ತರಿಗೆ ಮೊದಲೇ ತಿಳಿಸಬೇಕು. ಹೊರದೇಶದಲ್ಲಿರುವ ಭಕ್ತರು ಭಾರತದ ಪೌರರಾಗಿಯೇ ಇದ್ದು ಸ್ವಂತ ಗಳಿಕೆಯಿಂದ ಕೊಟ್ಟರೆ ತೊಡಕಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ಪಡೆಯಲು 2010ರ ವಿದೇಶಿ ವಂತಿಗೆ ಕಾಯ್ದೆಯ ಅನುಮತಿ ಬೇಕು. ಧಾನ್ಯವಾಗಿ ಬಂದುದನ್ನೂ ತೂಕ ಹಾಕಿ ಉಗ್ರಾಣದ ಪುಸ್ತಕದಲ್ಲಿ ಬರೆದಿಡಬೇಕು. ಕಣದಿಂದ ಬಂದ ಹತ್ತು ಸೇರು ಭತ್ತವಾದರೂ ತಂದವರ ಹೆಸರು, ತೂಕ, ದಿನಾಂಕ ಅಲ್ಲಿರಬೇಕು. ಆ ಪುಸ್ತಕವನ್ನು ಯಾವ ಭಕ್ತ ಕೇಳಿದರೂ ತೆರೆದು ತೋರಿಸಬೇಕು.