ಗ್ವಾಡಿ ಮ್ಯಾಲಿನ ಡಬ್ಬಿ, ಮೂರನೇ ವೈರು

ಮಗಳ ಮನಿ ಅಮೆರಿಕಾದ ವಿಸ್ಕಾನ್ಸಿನ್‌ದಾಗ. ಹೊರಗಿಟ್ಟ ನೀರು ಕಲ್ಲಾಗೂವಂಥಾ ಥಂಡಿ. ಅಂಥಾದ್ರಾಗ ಆಕಿ, ‘ಅವ್ವಾ, ಹಳೇ ಥರ್ಮೋಸ್ಟಾಟ್ ತಗದು ಸ್ಮಾರ್ಟ್ ಥರ್ಮೋಸ್ಟಾಟ್ ನಾನ ಕೂಡಿಸ್ತೀನಿ’ ಅಂದ್ಲು. ಮನ್ಯಾಗ ಸಣ್ಣ ಕೂಸು. ಒಲಿ ಹತ್ತಲಿಲ್ಲಂದ್ರ ಹ್ಯಾಂಗ ಅಂತ ನನಗ ಎದಿ ಢವಢವ.

ಈ ಸಾಮಾನಿನ ಕಥಿ ಅದೇ ರಾಜ್ಯದ್ದು ನೋಡ್ರಿ. ವೈಟ್‌ವಾಟರ್ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಎಂಬ ಮಾಸ್ತರರಿದ್ದರು. ಪಾಠದ ನಡುವ ಜವಾನ ಬಂದು ಖೋಲಿ ಎಷ್ಟು ಬೆಚ್ಚಗದ ನೋಡಿ, ನೆಲಮಾಳಿಗಿಗೆ ಇಳದು ಒಲಿ ಹೆಚ್ಚುಕಡಿಮಿ ಮಾಡ್ತಿದ್ದ. ಈ ತಂಟೆ ತಪ್ಪಿಸಲು ಜಾನ್ಸನ್, ಕರೆಂಟಿನ ಗಂಟೆ ಬಾರಿಸಿ ಕೆಳಗ ಸುದ್ದಿ ಮುಟ್ಟಿಸೂ ಸಾಧನ ಮಾಡಿ, 1883ರಲ್ಲಿ ಪೇಟೆಂಟ್ ಪಡೆದರು.

1953ರಲ್ಲಿ ಹನಿವೆಲ್ ಕಂಪನಿಯ ಗುಂಡು ಥರ್ಮೋಸ್ಟಾಟ್ ಬಂತು. ಥಂಡಿಯಾದ್ರ ಒಳಗಿನ ಲೋಹದ ಸುರುಳಿ ತಿರುಗಿ, ಗಾಜಿನ ಕೊಳವೆಯ ಪಾದರಸ ಹರಿದು ಎರಡು ವೈರು ಕೂಡಿಸ್ತಿತ್ತು. ಅದು ಬರೇ ಸ್ವಿಚ್ಚು. ತನಗಂತ ಕರೆಂಟ್ ಬೇಡ. ಹಿಂಗಾಗಿ ಎಷ್ಟೋ ಹಳೇ ಮನಿಗೆ ಎರಡ ವೈರು. ಸ್ಮಾರ್ಟ್ ಡಬ್ಬಿಗೆ ಪರದೆ, ವೈಫೈ ಎಲ್ಲಾ ಇರ್ತಾವ. ಸದಾ 24 ವೋಲ್ಟ್ ಕರೆಂಟ್ ಸಿಗಲಿ ಅಂತ ಸಾಮಾನ್ಯವಾಗಿ ‘ಸಿ’ ಅನ್ನೂ ವೈರು ಬೇಕು.

ಪುಣ್ಯಕ್ಕ ಗ್ವಾಡಿಯೊಳಗ ಒಂದು ವೈರು ಮಡಚಿಟ್ಟಿತ್ತು. ಬ್ರೇಕರ್ ಬಂದ್ ಮಾಡಿ, ಹಳೇ ಜೋಡಣೆಯ ಫೋಟೋ ತಗದು, ಆ ವೈರನ್ನು ಎರಡೂ ಕಡೆ ‘ಸಿ’ಗೆ ಕೂಡಿಸಿದ್ಲು. ದಪ್ಪ ವೈರು ಕಂಡಿದ್ರ ಕೈ ಹಚ್ಚದ ಎಲೆಕ್ಟ್ರಿಷಿಯನ್‌ನ ಕರೀತಿದ್ಲಂತ. ಪಾದರಸದ ಹಳೇ ಡಬ್ಬಿ ಕಸಕ್ಕ ಹಾಕಲಿಲ್ಲ, ಅಪಾಯದ ಕಸ ತಗೊಳ್ಳೂ ಕಡೆ ಕೊಟ್ಟು ಬಂದ್ಲು.

ರಾತ್ರಿ ಫರ್ನೇಸ್ ತಾನ ಹತ್ತಿತು. ಕೂಸು ಎಚ್ಚರಾಗಲಿಲ್ಲ, ಜವಾನನೂ ಬೇಕಾಗಲಿಲ್ಲ.