ರಬ್ಬಿಯ ಟಿಪ್ಪಣಿ

ಬೈಬಲಿನ ಯೋಬನ ಕಥೆಯ ಕೊನೆ ನನಗೆ ಎಂದೂ ಸಮಾಧಾನ ಕೊಟ್ಟಿಲ್ಲ. ಯಾವ ತಪ್ಪನ್ನೂ ಮಾಡದ ಯೋಬ ಒಂದೇ ದಿನದಲ್ಲಿ ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಕಳೆದುಕೊಳ್ಳುತ್ತಾನೆ. ಕೊನೆಗೆ ಅವನ 7000 ಕುರಿಗಳು 14000 ಆಗುತ್ತವೆ, ಮತ್ತೆ ಹತ್ತು ಮಕ್ಕಳೂ ಹುಟ್ಟುತ್ತಾರೆ. ಕುರಿಯ ಬದಲು ಕುರಿ ಸರಿ, ಸತ್ತ ಮಗುವಿನ ಬದಲು ಇನ್ನೊಂದು ಮಗು ಆದೀತೆ?

ಆದರೆ ಅದೇ ಕೊನೆಯಲ್ಲಿ ನಾನು ಬಹುಕಾಲ ಗಮನಿಸದೆ ಬಿಟ್ಟಿದ್ದ ಒಂದು ಸಂಗತಿಯಿದೆ. ನೋವೆಲ್ಲ ಪಾಪದ ಫಲವೆಂದು ವಾದಿಸಿ ದೇವರ ಪರ ವಹಿಸಿದ ಗೆಳೆಯರ ಮೇಲೆಯೇ ದೇವರು ಸಿಟ್ಟಾಗುತ್ತಾನೆ. ಸರಿಯಾಗಿ ಮಾತಾಡಿದವನು ತನ್ನನ್ನು ಪ್ರಶ್ನಿಸಿದ ಯೋಬನೇ ಎನ್ನುತ್ತಾನೆ. ಇದರ ತೂಕ ನನಗೆ ತಿಳಿದದ್ದು ಪೋಲೆಂಡಿನ ಒಬ್ಬ ಯೆಹೂದಿ ಗುರುವಿನ ಬದುಕನ್ನು ಓದಿದಾಗ.

ಕಲೋನಿಮಸ್ ಕಲ್ಮನ್ ಶಪೀರಾ ವಾರ್ಸಾ ಬಳಿಯ ಪ್ಯಾಸೆಚ್ನೊ ಊರಿನ ರಬ್ಬಿ. 1939ರ ಸೆಪ್ಟೆಂಬರಿನಲ್ಲಿ ಜರ್ಮನರ ಬಾಂಬ್ ದಾಳಿಗೆ ಸಿಕ್ಕಿ ಅವರ ಒಬ್ಬನೇ ಮಗ ತೀರಿಕೊಂಡ. ಆಸ್ಪತ್ರೆಯ ಬಳಿ ಇದ್ದ ಸೊಸೆಯೂ ಬಾಂಬಿಗೆ ಬಲಿಯಾದಳು. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ಆ ನವೆಂಬರಿನ ಒಂದು ಸಬ್ಬತ್ ದಿನ ಅವರು ಪ್ರವಚನಕ್ಕೆ ಆರಿಸಿಕೊಂಡದ್ದು ಸಾರಳ ಸಾವನ್ನು. ಅಬ್ರಹಾಮ ಮಗ ಇಸಾಕನನ್ನು ಬಲಿಕೊಡಲು ಹೊರಟ ಪ್ರಸಂಗದ ಬೆನ್ನಲ್ಲೇ ತಾಯಿ ಸಾರಳ ಸಾವು ಬರುತ್ತದೆ. ಮನುಷ್ಯ ತಾಳಲಾರದಷ್ಟು ನೋವು ಬೇಡವೆಂದು ದೇವರಿಗೆ ತಿಳಿಸಲೆಂದೇ ಆಕೆ ಸತ್ತಳು ಎಂಬ ಅರ್ಥ ಅವರದು. ಪ್ರವಚನದ ಹೆಸರಿನಲ್ಲಿ ಅದೊಂದು ದೂರು.

ವಾರ್ಸಾದ ಗೆಟ್ಟೋದೊಳಗೆ, ಹಸಿವು ಮತ್ತು ರೋಗದ ನಡುವೆ, ಅವರ ಪ್ರವಚನ ನಿಲ್ಲಲಿಲ್ಲ. ಇಂಥ ಸಂಕಟ ಹಿಂದೆಂದೂ ಬಂದಿರಲಿಲ್ಲ ಎಂದು ನಂಬಿಕೆ ಸಡಿಲಿಸುತ್ತಿದ್ದವರಿಗೆ 1941ರ ಕೊನೆಯಲ್ಲಿ ಅವರು ಜೆರುಸಲೇಮಿನ ದೇವಾಲಯ ನಾಶವಾದದ್ದನ್ನು ನೆನಪಿಸಿದರು. ಹಿಂದೆಯೂ ಬಂದಿತ್ತು, ದಾಟಿದೆವು, ಈಗಲೂ ದಾಟುತ್ತೇವೆ ಎಂಬ ಧೈರ್ಯ ಅದು.

1942ರ ಜುಲೈ 22ರಿಂದ ಸುಮಾರು ಎರಡು ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗೆಟ್ಟೋದಿಂದ ಟ್ರೆಬ್ಲಿಂಕಾಕ್ಕೆ ಸಾಗಿಸಿ ಕೊಂದರು. ಆ ನವೆಂಬರಿನಲ್ಲಿ ರಬ್ಬಿ ತಮ್ಮ ಹಳೆಯ ಪ್ರವಚನಕ್ಕೆ ಒಂದು ಟಿಪ್ಪಣಿ ಸೇರಿಸಿದರು. ಆ ಮಾತು ಅಲ್ಲಿಯವರೆಗಿನ ಸಂಕಟಕ್ಕೆ ಮಾತ್ರ ಸಲ್ಲುತ್ತದೆ, ಈಗ ನಡೆದದ್ದಕ್ಕೆ ಚರಿತ್ರೆಯಲ್ಲಿ ಸಾಟಿಯಿಲ್ಲ ಎಂಬುದು ಅದರ ಸಾರ. ಅದರಲ್ಲೇ ದೇವರ ಕರುಣೆಗಾಗಿ ಮೊರೆಯೂ ಇದೆ.

1943ರ ನವೆಂಬರಿನಲ್ಲಿ ಅವರನ್ನೂ ಕೊಂದರು. ಗೆಟ್ಟೋದ ರಹಸ್ಯ ದಾಖಲೆಗಳೊಂದಿಗೆ ಹೂತಿಟ್ಟಿದ್ದ ಆ ಹಸ್ತಪ್ರತಿ 1950ರಲ್ಲಿ ಹಾಲಿನ ಕ್ಯಾನಿನೊಳಗೆ ಸಿಕ್ಕಿತು. 1960ರಲ್ಲಿ ಪುಸ್ತಕವಾಯಿತು.

ಯೋಬನ ಗೆಳೆಯರಿಗೆ ತಮ್ಮ ಉತ್ತರವೇ ದೊಡ್ಡದಾಗಿತ್ತು, ಎದುರಿಗಿದ್ದವನ ನೋವು ಕಾಣಲಿಲ್ಲ. ಈ ರಬ್ಬಿ ನೋವನ್ನು ಕಂಡು ತನ್ನ ಉತ್ತರವನ್ನೇ ತಿದ್ದಿಕೊಂಡರು, ಪ್ರಾರ್ಥನೆಯನ್ನು ಬಿಡಲಿಲ್ಲ. ದೇವರಿಗೆ ಸಮಜಾಯಿಷಿ ಹುಡುಕುವುದೇ ನಂಬಿಕೆ ಎಂದುಕೊಂಡಿದ್ದ ನನಗೆ ಆ ಟಿಪ್ಪಣಿ ಇವೆರಡೂ ಬೇರೆ ಎಂದು ತೋರಿಸಿತು.